ಕೆರೆದಂಡೆಯಲ್ಲಿ ತುಂಬಿದ ಉಡಿ

ರಾಯಚೂರಿನಲ್ಲಿ ನೆಲೆಸಿದವರು ಇಷ್ಟನ್ನಾದರೂ ಮಾಡಲೇಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ಸ್ವಭಾವ. ಬೇಸಿಗೆಯಲ್ಲಿ ಹೊತ್ತು ಮುಳುಗುವಾಗ ಮಾವಿನಕೆರೆಯ ಏರಿಯ ಮೇಲೆ ನಿಂತು ಆ ದಿನದ ಮೊದಲ ತಣ್ಣನೆಯ ಗಾಳಿಗೆ ಮುಖ ಒಡ್ಡಬೇಕು. ಬೆಳಿಗ್ಗೆ ತಳ್ಳುಗಾಡಿಯ ಮುಂದೆ ನಿಂತೇ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನಬೇಕು; ಮನೆಗೆ ಕಟ್ಟಿಸಿಕೊಂಡು ಬಂದರೆ ಮಂಡಕ್ಕಿಯೂ ಮೆತ್ತಗೆ, ಮಿರ್ಚಿಯೂ ಮೆತ್ತಗೆ, ತಿಂದವನ ಮುಖವೂ ಮೆತ್ತಗೆ. ಕೋಟೆಯ ಗುಡ್ಡ ಹತ್ತಿ ಕೆರೆಯನ್ನು ಮೇಲಿನಿಂದ ನೋಡಬೇಕು. ಕೆರೆಯ ಒಂದು ಮೂಲೆಯಲ್ಲಿ ಅಂತರಗಂಗೆ ಬೆಳೆದಿದೆ, ಗಾಳಿ ತಿರುಗಿದರೆ ವಾಸನೆಯೂ ಬರುತ್ತದೆ. ಅದನ್ನು ನಾನು ಬೈಯಬಹುದು, ಹೊರಗಿನವರು ಬೈದರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಅಭಿಮಾನ ತೋರಿಸುವ ನಾನು ಈ ಊರಿನ ಮಗಳಲ್ಲ, ಸೊಸೆ. ಹುಟ್ಟಿದ್ದು ಮಾನ್ವಿ ಕಡೆಯ ಚೀಕಲಪರ್ವಿಯ ಹೊಳೆದಂಡೆಯಲ್ಲಿ. ಮದುವೆಯಾಗಿ ಬಂದ ಮರುದಿನವೇ ನಮ್ಮ ಅತ್ತೆ ನನ್ನ ಕೈಗೆ ಕಸಬರಿಗೆ ಕೊಟ್ಟು, "ಇನ್ ಮ್ಯಾಲ ಅಂಗಳಾ ನಿಂದು, ಒಲಿ ನಿಂದು" ಅಂದಿದ್ದರು. ನನಗೆ ಅಳುವೇ ಬಂದಿತ್ತು. ಕೆರೆ ಮನೆಯ ಹಿಂದೆಯೇ ಇತ್ತು, ಆದರೆ ಅದರ ದಂಡೆಯಲ್ಲಿ ನೆಮ್ಮದಿಯಾಗಿ ಕೂರಲು ನನಗೆ ಬಿಡುವು ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಆ ಕಸಬರಿಗೆ ಕೈಗೆ ಬಂದ ದಿನವೇ ಒಂದು ಹಟ ಹಿಡಿದಿದ್ದೆ. ನನ್ನ ಮನೆಗೆ ಬರುವ ಸೊಸೆ ಮೊದಲು ಊರು ನೋಡಲಿ, ಗಾಳಿ ಕುಡಿಯಲಿ. ಕೆಲಸವೇನು, ಓಡಿಹೋಗುತ್ತದೆಯೇ?

ಮೊನ್ನೆಯ ಬೇಸಿಗೆಯಲ್ಲಿ ಆ ಸೊಸೆ ಬಂದಳು. ದೇವದುರ್ಗದ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆಯ ಹುಡುಗಿ. ನನ್ನ ಮಗ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಹೋದರೆ ಸಂಜೆ ಮೈತುಂಬ ಹತ್ತಿಯ ನಾರು ಅಂಟಿಸಿಕೊಂಡು ಬರುತ್ತಾನೆ. ಹಗಲೆಲ್ಲ ಮನೆಯಲ್ಲಿ ಸೊಸೆ ಮತ್ತು ನಾನು, ನಡುಮನೆಯಲ್ಲಿ ಪೇಪರು ಓದುವ ನಮ್ಮ ಯಜಮಾನರು. ಹುಡುಗಿ ಲಕ್ಷಣವಾಗಿದ್ದಳು, ಕಣ್ಣಲ್ಲಿ ಚುರುಕಿತ್ತು. ಮಾತು ಮಾತ್ರ ಇಲ್ಲ. ಕೇಳಿದ್ದಕ್ಕೆ "ಹ್ಞೂಂರಿ" ಇಲ್ಲವೇ "ಒಲ್ಲೆರಿ". ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನನ್ನಂಥ ವಾಚಾಳಿಗೆ ಆ ಬಂಗಾರ ಬಹಳ ಭಾರವಾಯಿತು.

ಅವಳು ಅಡುಗೆಮನೆಯ ಕಡೆ ಬಂದರೆ ನಾನೇ ತಡೆಯುತ್ತಿದ್ದೆ. "ಬ್ಯಾಡವ್ವಾ, ಕೈಯಾಗಿನ ಮದರಂಗಿ ಇನ್ನೂ ಹೋಗಿಲ್ಲ. ಹೋಗಿ ಫ್ಯಾನಿನ ಕೆಳಗ ಕೂಡು." ಮದರಂಗಿ ಹೋದ ಮೇಲೂ ಬೇರೆ ನೆವ ಹೇಳಿದೆ. ಪಾತ್ರೆಗೆ ಕೈ ಹಾಕಿದರೆ ಕಸಿದುಕೊಂಡೆ. ಒಂದು ದಿನ ಜೋಳದ ಹಿಟ್ಟಿನ ಡಬ್ಬಿ ತೆಗೆದು ನಿಂತವಳನ್ನು ಹಿಂದಿನಿಂದ ಹಿಡಿದು, ನಗುತ್ತಲೇ ಹೊರಗೆ ತಂದು ಕೂರಿಸಿದೆ. ಅವಳು ನಗಲಿಲ್ಲ. ಹೊಸಬಳು, ನಾಚಿಕೆ ಅಂದುಕೊಂಡೆ.

ಆಗ ಪಕ್ಕದ ಮನೆಯಾಕೆ ನನ್ನ ತಲೆಯಲ್ಲಿ ಹುಳ ಬಿಟ್ಟಳು. "ನಿನ್ನ ಸೊಸಿಗಿ ಈ ಊರ ನೀರು ಹತ್ತಿಲ್ಲ ನೋಡು. ಪಂಚಮಿಗಿ ತವರಿಗಿ ಹೋದಾಕಿ ತಿರುಗಿ ಬರ್ತಾಳಂತ ನಂಗ ಅನಸಂಗಿಲ್ಲ." ನಮ್ಮ ಓಣಿಯಲ್ಲೇ ಒಬ್ಬಳು ಹಾಗೆ ನಾಗರಪಂಚಮಿಗೆಂದು ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಆ ಮಾತು ಕೇಳಿದಂದಿನಿಂದ ನನ್ನ ಎದೆಯಲ್ಲಿ ಒಂದೇ ಚಿಂತೆ. ಹೆಣ್ಣುಮಕ್ಕಳನ್ನು ಹೆರದ ನನಗೆ ಈ ಹುಡುಗಿ ಮನೆಯೊಳಗೆ ಸುಮ್ಮನೆ ಓಡಾಡಿದರೂ ಸಾಕು, ಜೀವ ತಂಪಾಗುತ್ತಿತ್ತು. ಅವಳು ಹೋಗಿಬಿಟ್ಟರೆ?

ಅದಕ್ಕೇ ಊರನ್ನೇ ಅವಳ ಮುಂದೆ ಹರವಿದೆ. ತಳ್ಳುಗಾಡಿಗೆ ಕರೆದೊಯ್ದೆ. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಅವಳು ಎರಡನ್ನು ಸದ್ದಿಲ್ಲದೆ ಮುಗಿಸಿ ಕೈ ತೊಳೆದಳು. ಕೋಟೆ ಗುಡ್ಡ ಹತ್ತಿಸಿದೆ. ಅರ್ಧದಾರಿಯಲ್ಲೇ ನಾನು ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕುಸಿದೆ, ಅವಳು ಕುರಿ ಹಿಂದೆ ನಡೆದ ಕಾಲಿನವಳು, ಸೆರಗು ಸಿಕ್ಕಿಸಿ ಮೇಲೆ ಹೋಗಿ ನಿಂತಿದ್ದಳು. ನಾನೂ ಹೇಗೋ ಹತ್ತಿ ಹೋಗಿ, ಮೇಲಿನಿಂದ ಕೆರೆ, ದೂರದಲ್ಲಿ ಶಕ್ತಿನಗರದ ಚಿಮಣಿಗಳ ಹೊಗೆ, ಎಲ್ಲ ತೋರಿಸಿದೆ. "ಚಲೋ ಅದರಿ" ಅಂದಳು, ಅಷ್ಟೇ.

ಕೋಟೆಯ ಗೋಡೆಯಲ್ಲಿ ಒಂದು ಬಲು ಉದ್ದದ ಕಲ್ಲಿದೆ. ಅದನ್ನು ಹೇಗೆ ಎಳೆದು ತಂದರು ಎಂಬ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ, ಗಾಡಿಗೆ ಕಟ್ಟಿದ ಜೋಡಿ ಜೋಡಿ ಪ್ರಾಣಿಗಳ ಸಾಲು. ಬಂದವರೆಲ್ಲ ಕಲ್ಲಿನ ಉದ್ದ ನೋಡಿ ಬೆರಗಾಗುತ್ತಾರೆ. ನಮ್ಮವಳು ಪ್ರಾಣಿಗಳನ್ನು ನೋಡಿದಳು. ಬಹಳ ಹೊತ್ತು ನೋಡಿ, "ಪಾಪ, ಇವುಕ್ಕ ನೀರು ಎಲ್ಲಿ ಕುಡಿಸಿದ್ರೋ ಏನೋ" ಅಂದಳು. ತಾನಾಗಿ ಆಡಿದ ಮೊದಲ ಮಾತು! ನನಗೆ ಕುಣಿಯುವಷ್ಟು ಸಂತೋಷವಾಯಿತು. "ನಮ್ಮ ಕೆರ್ಯಾಗ ಕುಡಿಸಿರಬೇಕು ಬಿಡವ್ವಾ" ಅಂದೆ. ಆಗ ಈ ಕೆರೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ಶ್ರಾವಣ ಬಂತು. ಪಂಚಮಿಗೆ ಕರೆಯಲು ಅವಳ ಅಣ್ಣ ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತಾನೆ ಎಂದು ಫೋನು ಬಂತು. ಉಳಿದಿದ್ದು ಒಂದೇ ಸಂಜೆ. ನನ್ನ ಪಾಲಿಗೆ ಈ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡದೊಂದಿದೆ. ದಂಡೆಯಲ್ಲಿ ನಿಂತು ಗಂಗಮ್ಮನಿಗೆ ಅರಿಸಿನ ಕುಂಕುಮ ಏರಿಸಿ, ಕೈಮುಗಿದು, ಕೆರೆಯ ನೀರನ್ನು ಹಣೆಗೆ ಹಚ್ಚಿಕೊಳ್ಳುವುದು. ಅದಾದ ಮೇಲೆ ಊರು ನಿಮ್ಮದಾದ ಹಾಗೆ. ಸೊಸೆಯನ್ನು ಅಲ್ಲಿಗೆ ಕರೆದೊಯ್ದೆ. ಚೀಲದಲ್ಲಿ ಅಕ್ಕಿ, ಒಣಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಅಡಿಕೆ, ಕುಬಸ ಹೊಲಿಸುವ ಹಸಿರು ಬಟ್ಟೆಯ ಕಣ ಮುಚ್ಚಿಟ್ಟುಕೊಂಡಿದ್ದೆ. ಪೂಜೆ ಮುಗಿದೊಡನೆ, "ಸೆರಗು ಒಡ್ಡವ್ವಾ" ಅಂದೆ. ಒಡ್ಡಿದಳು. ಕಣ್ತುಂಬ ನೀರು ತಂದುಕೊಂಡು, ಮಗಳಿಗೆ ಮಡಿಲು ತುಂಬುವಂತೆ ಉಡಿ ತುಂಬಿದೆ.

ಹುಡುಗಿಯ ಮುಖ ಬಿಳಿಚಿತು. ಒಡ್ಡಿದ ಸೆರಗು ಹಾಗೆಯೇ ಹಿಡಿದು ಕೇಳಿದಳು, "ಅತ್ತೀ, ನಾ ಏನ್ ತಪ್ಪು ಮಾಡೀನ್ರಿ? ಯಾಕ ನನ್ನ ಕಳಸಾಕತ್ತೀರಿ?"

ಆಗ ನನಗೆ ಹೊಳೆಯಿತು. ಮುತ್ತೈದೆಗೆ ಯಾರೂ ಉಡಿ ತುಂಬಬಹುದು, ಆದರೆ ನಮ್ಮಲ್ಲಿ ಹೊರಟು ನಿಂತವಳಿಗೆ ಉಡಿ ತುಂಬಿ ಕಳಿಸುವವರು ತವರಿನವರು. ಈ ಮನೆಯ ಋಣ ತೀರಿತು, ಇನ್ನು ಆ ಮನೆ ನಿನ್ನದು ಎಂದು ಮಗಳನ್ನು ಸಾಗಿಸುವಾಗ. ಪಂಚಮಿಗೆ ಹೋಗುವ ಸೊಸೆಗೆ ಅತ್ತೆ ಬುತ್ತಿ ಕಟ್ಟುತ್ತಾಳೆ, ಉಡಿ ತುಂಬುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಮಗಳ ಆಸೆಯಲ್ಲಿ ಬುದ್ಧಿ ಮೇಯಲು ಹೋಗಿತ್ತು.

"ಅಯ್ಯೋ ನನ್ನವ್ವಾ, ಯಾರು ನಿನ್ನ ಕಳಸ್ತಾರ! ನೀನ ಹೋಗಿಬಿಡ್ತೀ ಅಂತ ನಾ ಹೆದರಾಕತ್ತೀನಿ" ಅಂದೆ. "ಮಾತಿಲ್ಲ, ನಗು ಇಲ್ಲ. ಊರೆಲ್ಲ ತೋರಿಸಿದೆ, ನಿನಗ ಒಂದೂ ಮನಸ್ಸಿಗಿ ಬರಲಿಲ್ಲ."

"ಬಂದಾವ್ರಿ, ಎಲ್ಲಾ ಬಂದಾವು." ಅವಳು ಅಳುತ್ತಲೇ ಹೇಳಿದಳು. "ಆದ್ರ ಬೀಗರಿಗಿ ಊರು ತೋರಸ್ತಾರ್ರಿ. ಮನಿ ಹೆಣಮಗಳಿಗಿ ಒಲಿ ಬಿಟ್ಟುಕೊಡ್ತಾರ. ಒಂದು ರೊಟ್ಟಿ ಬಡಿಯಾಕ ಬಿಡಲಿಲ್ಲ ನೀವು. ನಾ ಮಾಡಿದ್ದು ಇವ್ರು ಉಣ್ಣಂಗಿಲ್ಲ ಅಂದುಕೊಂಡೆ. ಕುರಿ ಕಾಯೋರ ಕೈ ಅಂತ."

ಅತ್ತೆ ಮರುದಿನವೇ ಕೊಟ್ಟ ಕಸಬರಿಗೆಯನ್ನು ನಾನು ಇಷ್ಟು ವರ್ಷ ಶಿಕ್ಷೆಯೆಂದೇ ತಿಳಿದಿದ್ದೆ. ಆ ಮುದುಕಿ ತನ್ನ ಮನೆಯನ್ನೇ ನನ್ನ ಕೈಗಿಟ್ಟಿದ್ದಳು. ಸೊಸೆಯ ಕಣ್ಣನ್ನು ನನ್ನ ಸೆರಗಿನಿಂದ ಒರೆಸಿದೆ. ನನ್ನದನ್ನು ಒರೆಸಲು ಅವಳ ಸೆರಗು ಖಾಲಿ ಇರಲಿಲ್ಲ, ಅಕ್ಕಿ ತುಂಬಿತ್ತು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಕೆರೆಯ ಏರಿಯಲ್ಲಿ ವಾಕಿಂಗ್ ಮಾಡುತ್ತಿದ್ದವರು ತಿರುಗಿ ನೋಡಿದರು, ನೋಡಲಿ.

ಆ ಸಂಜೆ ಅಡುಗೆಮನೆಗೆ ನಾನು ಕಾಲಿಡಲಿಲ್ಲ. ನಡುಮನೆಯಲ್ಲಿ ಕೂತು ರೊಟ್ಟಿ ಬಡಿಯುವ ಸದ್ದು ಕೇಳಿದೆ. ನಮ್ಮ ಯಜಮಾನರು ಬಿಸಿ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಂಡು, "ಇಷ್ಟು ದಿನ ಇದನ್ನ ಯಾರು ಮುಚ್ಚಿಟ್ಟಿದ್ರು?" ಎಂದು ನನ್ನ ಕಡೆ ನೋಡಿದರು. ಮಗ ತಲೆ ಎತ್ತದೆ ಉಣ್ಣುತ್ತಿದ್ದ, ಕಿವಿಗಳು ಮಾತ್ರ ಕೆಂಪಾಗಿದ್ದವು.

ಬೆಳಿಗ್ಗೆ ಅವಳ ಅಣ್ಣ ಬಂದ. ಚಹಾ ಕುಡಿದ. ನಾನು ಶೇಂಗಾ ಉಂಡಿ, ಅಳ್ಳಿಟ್ಟು, ರೊಟ್ಟಿಯ ಬುತ್ತಿ ಕಟ್ಟಿದೆ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಬಸ್ಸು ಹತ್ತುವಾಗ ನೋಡುತ್ತೇನೆ, ಅವಳ ನಡುವಿನಲ್ಲಿ ಉಡಿಯ ಗಂಟೇ ಇಲ್ಲ! ತುಂಬಿದ ಉಡಿ ಬರಿದು ಮಾಡಿಕೊಂಡು ಹೊರಡುವುದುಂಟೇ?

"ಯವ್ವಾ, ಉಡಿ ಅಕ್ಕಿ ಮನ್ಯಾಗ ಮರ್ತು ಬಂದಿಯೇನು?" ಎಂದು ಗಾಬರಿಯಿಂದ ಕೇಳಿದೆ.

"ಮರ್ತಿಲ್ರಿ. ನಮ್ಮ ಅಕ್ಕಿ ಡಬ್ಬ್ಯಾಗ ಸುರುವೀನಿ. ಪಂಚಮಿ ಮುಗಿಸಿ ಬಂದು ನಾನ ಅನ್ನ ಮಾಡ್ತೀನಿ. ಅಲ್ಲೀತನಕ ಆ ಡಬ್ಬಿ ಯಾರೂ ಮುಟ್ಟಬ್ಯಾಡ್ರಿ." ಅಣ್ಣನ ಎದುರಿಗೇ, ನನಗೆ ಅಪ್ಪಣೆ ಕೊಟ್ಟು ಬಸ್ಸು ಹತ್ತಿದಳು.

ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ನಮ್ಮ ಅಕ್ಕಿಯ ಮೇಲೆ ಅರಿಸಿನ ಹತ್ತಿದ ಅಕ್ಕಿ, ಅದರ ನಡುವೆ ಕೊಬ್ಬರಿ ಬಟ್ಟಲು. ಮತ್ತೆ ಮುಚ್ಚಿದೆ. ಆಮೇಲೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿಯೇ. ಅನ್ನವಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಯಜಮಾನರು ಗೊಣಗಿದರು. "ಮನಿ ಯಜಮಾನ್ತಿ ಹೇಳಿ ಹೋಗ್ಯಾಳ, ನನ್ನ ಕೈಯಾಗ ಏನಿಲ್ರಿ" ಅಂದೆ. ಹಬ್ಬ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, ನೆಟ್ಟಗೆ ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟಳು.