ಶಿಬಿರದೊಳಗೆ ಮಂದೆ ನಿಲ್ಲಿಸಿದ್ದು

ತೆಂಗಿನ ಬುಡಕ್ಕೆ ಕುರಿಹಿಕ್ಕೆಯಂಥ ಗೊಬ್ಬರ ಇನ್ನೊಂದಿಲ್ಲ. ಯಗಟಿಯ ನನ್ನ ತೋಟದಲ್ಲಿ ವರ್ಷಕ್ಕೊಮ್ಮೆ ಮಂದೆ ನಿಲ್ಲಿಸುತ್ತೇನೆ. ಕುರಿಯವರು ಎರಡು ರಾತ್ರಿ ತಮ್ಮ ಕುರಿಗಳನ್ನು ನನ್ನ ನೆಲದಲ್ಲಿ ತಂಗಿಸುತ್ತಾರೆ, ನಾನು ರಾಗಿ ಅಳೆದುಕೊಡುತ್ತೇನೆ, ಕುರಿಗಳು ತಮ್ಮ ಕೈಲಾದದ್ದನ್ನು ಬಿಟ್ಟುಹೋಗುತ್ತವೆ. ನಿಮಗೂ ಜಮೀನಿದ್ದರೆ ನನ್ನದೊಂದು ಮಾತು ಕೇಳಿ: ಮಂದೆ ಒಳಗೆ ಬರುವ ದಾರಿಯ ಜೊತೆಗೆ ಹೊರಗೆ ಹೋಗುವ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಈ ಬುದ್ಧಿ ನನಗೆ ಬಂದದ್ದು ಯಗಟಿಯಲ್ಲಲ್ಲ, ಆಫ್ರಿಕಾದಲ್ಲಿ.

ನಾನು ಸೈನ್ಯದಲ್ಲಿದ್ದಾಗ ನಮ್ಮ ತುಕಡಿಗೆ ನೀಲಿ ಟೊಪ್ಪಿಗೆ ತೊಡಿಸಿ, ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಅಲ್ಲಿನ ಒಂದು ದೇಶಕ್ಕೆ ಶಾಂತಿ ಕಾಯಲು ಕಳಿಸಿದ್ದರು. ಗುಂಡು ದೂರದಲ್ಲಿ ಹಾರುತ್ತಿದ್ದದ್ದು ನಿಜ. ಆದರೆ ಶಿಬಿರದೊಳಗೆ ನಾವು ಮೂರು ಹೊತ್ತೂ ಎದುರಿಸುತ್ತಿದ್ದದ್ದು ಡಬ್ಬಿಯ ಬಟಾಣಿಯನ್ನು. ಐದು ತಿಂಗಳು ಅದನ್ನೇ ತಿಂದವನಿಗೆ ಒಂದು ಹಿಡಿ ಹಸಿ ಸೊಪ್ಪು ವಿಶ್ವಶಾಂತಿಗಿಂತ ತುರ್ತಿನ ವಿಷಯವಾಗಿಬಿಡುತ್ತದೆ. ನನ್ನ ಟ್ರಂಕಿನಲ್ಲಿ ದಂಟಿನ ಬೀಜವಿತ್ತು, ತಂತಿಬೇಲಿಯ ಒಳಮೂಲೆಯಲ್ಲಿ ಜಾಗವಿತ್ತು. ನೆಲ ಮಾತ್ರ ಕಾದ ಹೆಂಚು.

ಬೇಲಿಯಾಚೆ ಒಬ್ಬ ಮುದುಕಿ ದಿನಾ ಅರವತ್ತು ಕುರಿ ಹೊಡೆದುಕೊಂಡು ನದಿಗೆ ಹೋಗುತ್ತಿದ್ದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ವ್ಯಾಪಾರಕ್ಕೆ ಅದೇನೂ ಅಡ್ಡಿಯಲ್ಲ. ಕುರಿ, ನಿದ್ದೆ, ಹಿಕ್ಕೆ ಮೂರನ್ನೂ ಅಭಿನಯಿಸಿ ತೋರಿಸಿದೆ. ಮೂರನೆಯದಕ್ಕೆ ಅವಳು ಕೋಲು ಊರಿಕೊಂಡು ನಕ್ಕಳು. ಒಂದು ರಾತ್ರಿಯ ಮಂದೆಗೆ ನನ್ನ ಪಾಲಿನ ಸಕ್ಕರೆಯೆಂದು ಕುದುರಿತು. ಸಂಜೆ ಗೇಟಿನ ಕಾವಲಿಗಿದ್ದವನು ನಮ್ಮ ತುಕಡಿಯವನೇ, ಅಜ್ಜಂಪುರದ ರುದ್ರಪ್ಪ.

"ಲೇ, ಕ್ಯಾಂಪನ್ನ ಸಂತೆ ಮಾಳ ಮಾಡ್ಬಿಟ್ಯಲ್ಲೋ," ಅಂದ.

"ಸೊಪ್ಪಿನ ಸಾರಲ್ಲಿ ನಿಂಗೂ ಪಾಲೈತೆ ಕಣೋ."

"ಹಂಗಾದ್ರೆ ನಾನೇನೂ ನೋಡ್ಲಿಲ್ಲ ಬಿಡು," ಎಂದವನು ಒಳಬಂದವರನ್ನು ಬರೆದಿಡುವ ಗೇಟಿನ ಪುಸ್ತಕ ಮುಚ್ಚಿಟ್ಟ. ಮುದುಕಿಯ ಹಿಂದೆ ಕುರಿ ಬಂದವು, ಬಂದದ್ದು ದಾಖಲೆಗೆ ಬರಲಿಲ್ಲ.

ಬೆಳಿಗ್ಗೆ ಗೇಟಿನ ಪಾಳಿ ಶಿಬಿರದಲ್ಲೇ ಇದ್ದ ಬೇರೊಂದು ದೇಶದ ಪಡೆಗೆ ಹೋಗಿತ್ತು. ಅವರ ಅಧಿಕಾರಿ ಸಜ್ಜನ. ಸಜ್ಜನರೊಡನೆ ಚೌಕಾಸಿ ಬಲು ಕಷ್ಟ. ಪುಸ್ತಕವನ್ನು ಎರಡು ಸಲ ತಿರುವಿ, ಒಳಗೇ ಬಾರದ ಕುರಿಗಳನ್ನು ಹೊರಗೆ ಬಿಡುವುದು ಹೇಗೆಂದು ನಿಜವಾದ ವ್ಯಥೆಯಿಂದ ಕೇಳಿದ. ನಿನ್ನೆಯ ತಾರೀಕಿಗೆ ಈಗ ಬರೆದರೆ ಸುಳ್ಳು ದಾಖಲೆ. ಇವತ್ತು ಒಳಬಂದವೆಂದು ಬರೆಯಬೇಕಾದರೆ ಅವು ಮೊದಲು ಹೊರಗಿರಬೇಕು. ಮೇಲಿನ ಕಚೇರಿಯ ಉತ್ತರಕ್ಕೆ ಮೂರು ದಿನ. ಶಿಬಿರದ ನೀರೋ, ತಲೆಗಿಷ್ಟೆಂದು ಅಳೆದು ಕೊಡುವ ಟ್ಯಾಂಕರಿನ ನೀರು. ಪುಸ್ತಕದಲ್ಲಿಲ್ಲದ ತಲೆಗೆ ಹನಿಯೂ ಇಲ್ಲ.

ಬಿಸಿಲು ಏರಿತು. ಕುರಿಗಳು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಒಂದು ಮರಿ ಕಾಲು ಮಡಚಿ ಬಿದ್ದಿತು. ಮುದುಕಿ ಅದನ್ನು ಮಡಿಲಿಗೆಳೆದುಕೊಂಡಳು. ಆಮೇಲೆ ಎದ್ದು ಬಂದು ಸಕ್ಕರೆಯ ಗಂಟನ್ನು ನನ್ನ ಬೂಟಿನ ಪಕ್ಕದಲ್ಲಿಟ್ಟು ಹೋದಳು. ವ್ಯಾಪಾರ ಬೇಡ, ಕುರಿ ಬಿಡು ಎಂದು ಅದರ ಅರ್ಥ. ಜೀವನದಲ್ಲಿ ಎಷ್ಟೋ ಸರಕು ವಾಪಸು ಬಂದದ್ದುಂಟು. ತಲೆಯೆತ್ತಲಾಗದಷ್ಟು ನಾಚಿಕೆಯಾದದ್ದು ಅದೊಂದು ಸಲ.

"ಏನಪ್ಪಾ ವ್ಯಾಪಾರಸ್ಥ, ಈಗೇನ್ ಮಾಡ್ತೀಯ?" ಎಂದ ರುದ್ರಪ್ಪ.

"ಕುರಿ ಆಚೆ ಹೋಗಂಗಿಲ್ಲ ಅಂದ್ರೆ, ಬೇಲಿನೇ ಈಚೆ ತರಾಣ."

ಅವನು ನನ್ನನ್ನು ದಿಟ್ಟಿಸಿ, "ಸರಿ ಬಿಡು, ಬೇಲಿ ಸರ್ಸೋದು ನಿಮ್ ಕಡೂರು ತಾಲ್ಲೂಕ್ನೋರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ," ಎಂದ.

ಬೇಲಿಯ ದುರಸ್ತಿಗೆ ಯಾರ ಅಪ್ಪಣೆಯೂ ಬೇಡವೆಂದು ನಿಯಮದ ಪುಸ್ತಕದಲ್ಲೇ ಇತ್ತು. ಓದುತ್ತ ಓದುತ್ತ ಅಧಿಕಾರಿಯ ಮುಖ ಅರಳಿತು. ನಾಲ್ಕು ದೇಶಗಳ ಎಂಟು ಜನ ಸೇರಿ, ಮಂದೆಯ ಈಚೆಗೆ ಹೊಸ ತಂತಿ ಎಳೆದು, ಆಚೆಯ ಹಳೆಯದನ್ನು ಬಿಚ್ಚಿದೆವು. ಒಂದು ಕುರಿಯೂ ಗೇಟು ದಾಟಲಿಲ್ಲ. ಶಾಂತಿಪಡೆಯೇ ಕುರಿಗಳೆದುರು ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿತು. ಹೊರಡುವ ಮುನ್ನ ಸಕ್ಕರೆಯ ಗಂಟನ್ನು ಬಲವಂತವಾಗಿ ಅವಳ ಕೈಗಿತ್ತೆ. ಮರಿಯನ್ನು ಹೆಗಲಿಗೇರಿಸಿಕೊಂಡು ಅವಳು ನಡೆದಳು, ಕುರಿಗಳು ನದಿಯ ವಾಸನೆ ಹಿಡಿದು ಓಡಿದವು. ಮಾರನೆಯ ದಿನ ಆ ಮರಿ ತನ್ನ ಕಾಲ ಮೇಲೇ ಬಂತು.

ಹಿಕ್ಕೆ ಬಿದ್ದು ಹದವಾದ ನನ್ನ ನೆಲ ಬೇಲಿಯಾಚೆ ಉಳಿಯಿತೆಂದು ಹೊಳೆದದ್ದು ಆಗ. ನೆಲವಿಲ್ಲದ ಮೇಲೆ ಬೀಜ ಇಟ್ಟುಕೊಂಡು ಮಾಡುವುದೇನು? ಪೊಟ್ಟಣವನ್ನು ಅವಳತ್ತ ಎಸೆದುಬಿಟ್ಟೆ. ಮಳೆ ಬಿದ್ದ ತಿಂಗಳಿಗೆ ಅವಳು ಅಲ್ಲಿ ಬಿತ್ತಿದ ದಂಟು ಮೊಣಕಾಲುದ್ದ ಬೆಳೆದು ನಿಂತಿತು. ಒಂದು ಬೆಳಿಗ್ಗೆ ಮುದುಕಿ ಅದರ ದೊಡ್ಡ ಕಟ್ಟೊಂದನ್ನು ಹಿಡಿದು ತಂತಿಯ ಬಳಿ ಬಂದಳು. ಕೃತಜ್ಞತೆಯೆಂದು ತಿಳಿದು ಕೈ ಚಾಚಿದೆ. ಅವಳು ಕಟ್ಟನ್ನು ಹಿಂದಕ್ಕೆಳೆದುಕೊಂಡು, ಕೋಲಿನಿಂದ ಬೇಲಿಯನ್ನು ತಟ್ಟಿ, ಅದು ಇನ್ನೂ ಹತ್ತು ಹೆಜ್ಜೆ ಹಿಂದೆ ಹೋಗಬೇಕೆಂದು ಸನ್ನೆ ಮಾಡಿದಳು.

ನಾನು ಎರಡು ಬೆರಳು ತೋರಿಸಿದೆ. ಅವಳು ಹೊರಟುಹೋಗುವಂತೆ ಬೆನ್ನು ತಿರುಗಿಸಿದಳು. ಅರ್ಧ ಗಂಟೆ ಜಗ್ಗಾಡಿ ನಾಲ್ಕಕ್ಕೆ ಇಳಿಸಿದೆ. ಆ ಮಧ್ಯಾಹ್ನ ರುದ್ರಪ್ಪನೂ ನಾನೂ ಸೊಪ್ಪಿನ ಸಾರು ಸುರಿದುಕೊಂಡು ಉಂಡೆವು. ಸಂಜೆ ಬೇಲಿಗೆ ಮತ್ತೆ ದುರಸ್ತಿ ಬಂತು.