ಕುರಿಯ ಮೂಗಿಗೆ ನಾನು ಹೇಳಿದ ಪಾಠ

ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಆಗ ನನಗೆ ಮೂಗಿನ ಹುಚ್ಚು ಹಿಡಿದಿತ್ತು. ಪಠ್ಯದಲ್ಲಿ ಕಣ್ಣಿಗೆ ನಾಲ್ಕು ಪುಟ, ಕಿವಿಗೆ ಮೂರು, ಮೂಗಿಗೆ ಅರ್ಧವೇ. ಈ ಅನ್ಯಾಯ ಸಹಿಸದೆ ಒಂದು ದಿನ ಮಾಂಸದ ಅಂಗಡಿಗೆ ಹೋಗಿ ಕುರಿಯ ತಲೆಯೊಂದನ್ನು ನಟ್ಟನಡುವೆ ಸೀಳಲು ಹೇಳಿದೆ.

"ಮಿದುಳು ಬ್ಯಾರೆ ಕಟ್ಟಲೇನ್ರಿ ಮಾಸ್ತರ್ರ?" ಎಂದ ಅಂಗಡಿಯವನು.

"ಮಿದುಳು ಅಲ್ಲ, ನನಗ ಮೂಗು ಬೇಕು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಪೊಟ್ಟಣ ಕಟ್ಟಿಕೊಟ್ಟ.

ತರಗತಿಯಲ್ಲಿ ಮಕ್ಕಳಿಗೆ ಮೂಗಿನೊಳಗೆ ಮೇಲ್ಭಾಗದ ಹಳದಿ ಛಾಯೆಯ ತೇವದ ಪೊರೆಯನ್ನು ತೋರಿಸಿದೆ. ಅದರೊಳಗಿನ ನರಕೋಶಗಳು ಕಣ್ಣಿಗೆ ಕಾಣುವಂಥವಲ್ಲ, ಅವುಗಳ ಚಿತ್ರ ಬೋರ್ಡಿನ ಮೇಲೆ ಬರೆದೆ. ಪ್ರತಿ ಕೋಶದ ಒಂದು ತುದಿಯಲ್ಲಿ ಲೋಳೆಯೊಳಗೆ ಅದ್ದಿದ ಸಣ್ಣ ಸಣ್ಣ ಕೂದಲು. ಇನ್ನೊಂದು ತುದಿ ಎಳೆಯಾಗಿ, ಜರಡಿಯಂಥ ಎಲುಬಿನ ತೂತುಗಳಲ್ಲಿ ಹಾದು ಮಿದುಳಿಗೆ ಹೋಗುತ್ತದೆ. ಗಾಳಿಯಲ್ಲಿ ಬಂದ ವಾಸನೆಯ ಕಣ ಲೋಳೆಯಲ್ಲಿ ಕರಗಿ ಕೂದಲಿಗೆ ತಗುಲಿದರೆ ಕೋಶದಲ್ಲಿ ವಿದ್ಯುತ್ತಿನ ಸಣ್ಣ ಮಿಡಿತ ಏಳುತ್ತದೆ. ಮಿದುಳಿಗೆ ಮುಟ್ಟುವುದು ವಾಸನೆಯಲ್ಲ, ಆ ಮಿಡಿತ. ಇದನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು.

"ಸರ್, ಎಮ್ಮಿ ಕೊಟ್ಟಿಗ್ಯಾಗ ಸ್ವಲ್ಪ ಹೊತ್ತು ಕುಂತ್ರ ವಾಸನಿ ಬರೂದೇ ನಿಂದರತದಲ್ರಿ, ಯಾಕ?" ಎಂದಳು ಒಬ್ಬ ಹುಡುಗಿ.

ಒಂದೇ ವಾಸನೆ ಎಡೆಬಿಡದೆ ಬಡಿಯುತ್ತಿದ್ದರೆ ಕೋಶಗಳು ದಣಿದು ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತವೆ ಎಂದೆ. ಉತ್ತರ ಸರಿಯಾಗಿಯೇ ಇತ್ತು. ನನ್ನನ್ನು ಕೆಡಿಸಿದ್ದೂ ಅದೇ.

ಆ ವರ್ಷ ದೀಪಾವಳಿ ರಜೆಗೆ ಹೆಂಡತಿಯ ತವರಿಗೆ ಹೋಗಿದ್ದೆವು. ಬಸವಕಲ್ಯಾಣದಲ್ಲಿ ಬಸ್ಸಿಳಿದು ನಾರಾಯಣಪುರದ ದಾರಿಯಲ್ಲಿ ನಡೆದರೆ ಮಾವನ ಕುರಿಹಟ್ಟಿ. ಆ ಮನೆಯಲ್ಲಿ ಅಳಿಯನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅದರಲ್ಲೂ ನಾನು ಓದಿದ ಅಳಿಯ. ನಾನು ಸೂರ್ಯ ಪಡುವಣಕ್ಕೆ ಹುಟ್ಟುತ್ತಾನೆಂದರೂ ಮಾವ "ಹೌದ್ರಿ" ಎನ್ನುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ಒಂದು ಕುರಿ ಈದು ಸತ್ತಿತು. ಹೆಂಡತಿ ಚಿಕ್ಕವಳಿದ್ದಾಗ ಮಾವ ಅವಳಿಗೆಂದು ಬಿಟ್ಟುಕೊಟ್ಟಿದ್ದ ಕುರಿಯ ಸಂತಾನದಲ್ಲಿ ಕೊನೆಯದು ಅದು. ಉಳಿದದ್ದು ಅದರ ಹೆಣ್ಣುಮರಿಯೊಂದೇ. ಅದೇ ಹೊತ್ತಿಗೆ ಇನ್ನೊಂದು ಕುರಿಗೆ ಸತ್ತ ಮರಿ ಹುಟ್ಟಿತ್ತು. ಅದರ ಕೆಚ್ಚಲು ಹಾಲು ತುಂಬಿ ಬಿಗಿದಿತ್ತು. ಮಾವ ಸೊಂಟದ ಚೂರಿ ತೆಗೆದ. ಸತ್ತ ಮರಿಯ ತೊಗಲು ಸುಲಿದು ತಬ್ಬಲಿಗೆ ಅಂಗಿಯ ಹಾಗೆ ತೊಡಿಸುವುದು ಅವರ ಪದ್ಧತಿ.

"ತಾಯಿ ಮೂಸಿ ನೋಡತಾಳ್ರಿ, ನಂದೇ ಅಂತ ಮಲಿ ಕೊಡತಾಳ" ಎಂದ.

ನನಗೆ ಹೇಸಿಗೆಯಾಯಿತು. ಜೊತೆಗೆ ಓದಿದವನ ಶಾಣ್ಯಾತನವೂ ಉಕ್ಕಿತು. "ಅದೇನೂ ಬ್ಯಾಡ ಮಾವ. ಕುರಿ, ಮರಿ ಎರಡೂ ಒಂದೇ ಕಡೆ ಕೂಡಿಹಾಕ್ರಿ. ಮಧ್ಯಾಹ್ನಕ್ಕ ಅದರ ಮೂಗು ದಣೀತದ, ತನ್ನ ಮರಿ ಯಾವದು, ಮಂದೀದು ಯಾವದು ತಿಳ್ಯಾಂಗಿಲ್ಲ" ಎಂದೆ. ಕೋಶ, ಮಿಡಿತ, ಎಲ್ಲವನ್ನೂ ಒಪ್ಪಿಸಿದೆ.

ಮಾವ ಚೂರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಮಾಸ್ತರ್ ಹೇಳಾಕತ್ತಾರಂದ್ರ ಹಂಗ ಇರಬೇಕು" ಎಂದು ಚೂರಿ ಸಿಕ್ಕಿಸಿಕೊಂಡ.

ಹೆಂಡತಿ ನನ್ನನ್ನು ಬದಿಗೆ ಕರೆದಳು. "ಅಪ್ಪ ನಿಮಗ ಎದುರ ಮಾತಾಡೂದಿಲ್ಲಂತ ಸುಮ್ಮನಾಗ್ಯಾನ. ನನ್ನ ಮರಿ ಸಾಯ್ತದ ನೋಡ್ರಿ."

"ಮಧ್ಯಾಹ್ನದ ತನಕ ತಡಿ" ಎಂದೆ.

ಗಡಿಯಾರ, ನೋಟುಬುಕ್ಕು ಹಿಡಿದು ಅವೆರಡನ್ನೂ ಕೂಡಿಹಾಕಿದ ಗೂಡಿನ ಮುಂದೆ ಕುಳಿತೆ. ಮರಿ ತಡವರಿಸುತ್ತ ಕೆಚ್ಚಲಿಗೆ ಹೋಗುವುದು, ಕುರಿ ಅದರ ಬಾಲದ ಕೆಳಗೆ ಮೂಸಿ ಬುಸ್ಸೆಂದು ತಲೆಯಿಂದ ಹಾಯುವುದು. ಹಾಯ್ದ ಮೇಲೆ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿತ್ತು, ಮತ್ತೆ ತಿರುಗುವಷ್ಟರಲ್ಲಿ ಮೂಗು ಹೊಸದಾಗಿರುತ್ತಿತ್ತು. ಅದು ನನಗೆ ಆಗಲೇ ಹೊಳೆದಿತ್ತು. ಹೊಳೆದರೂ ಏಳಲಿಲ್ಲ, ಮಾವನೆದುರು ಸೋಲಲು ಮನಸ್ಸಿರಲಿಲ್ಲ. ಇನ್ನೊಂದು ಸಲ ಹಾಯ್ದಾಗ ಮರಿ ಕಲ್ಲಿಗೆ ಬಡಿಯಿತು. ಹಿಂಗಾಲು ಲಟಕ್ಕೆಂದದ್ದು ನನಗೆ ಕೇಳಿಸಿತು.

ಹೆಂಡತಿ ಅಪ್ಪನ ಸೊಂಟದಿಂದ ಚೂರಿ ಕಿತ್ತುಕೊಂಡು ಸತ್ತ ಮರಿಯ ತೊಗಲನ್ನು ತಾನೇ ಸುಲಿದಳು. ಮಾವ ಮರಿಯ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ. ತೊಗಲು ತೊಡಿಸಿ ಬಿಟ್ಟರು. ಕುರಿ ತಲೆಯಿಂದ ಬಾಲದವರೆಗೆ ಮೂಸಿತು, ಗಂಟಲಲ್ಲೇ ಮೆಲ್ಲಗೆ ಗುರುಗುಟ್ಟಿತು, ನಿಂತುಕೊಂಡಿತು. ಮರಿ ಹಾಲು ಕುಡಿಯಿತು. ನಾನು ನಾಚಿಕೆಯಿಂದ ಕುಗ್ಗಿಹೋದೆ.

ತೊಗಲು ನಾರತೊಡಗಿತು. ಎಂದು ಬಿಚ್ಚುತ್ತೀರೆಂದು ಕೇಳಿದೆ.

"ಮೂರ ದಿನಕ್ಕ ಅಕಿ ಹಾಲು ಮರಿ ಹೊಟ್ಟಿ ದಾಟಿ ಹೊರಗ ಬರತದ್ರಿ. ಆಮ್ಯಾಲ ಮರಿ ವಾಸನೀನೇ ಅಕೀದಾಗತದ" ಎಂದ ಮಾವ.

ನಾನು ಬೆರಗಾದೆ. ಮೂಗನ್ನು ಮೋಸಗೊಳಿಸುವುದು ಮೂರು ದಿನಕ್ಕಷ್ಟೆ. ಆಮೇಲೆ ಮೂಗಿಗೆ ಬೇಕಾದ ಗುರುತನ್ನು ಮರಿಯ ಮೈಯೇ ಕೊಡುತ್ತದೆ! ಮುಂದೆ ಓದಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಮೂಗಿನ ಈ ನರಕೋಶಗಳು ಕೆಲವು ವಾರಗಳಲ್ಲಿ ಸತ್ತು ಹೊಸವು ಹುಟ್ಟುತ್ತವೆಯಂತೆ. ಮರಿಯನ್ನು ಮೊದಲು ಮೂಸಿದ ಕೋಶಗಳೇ ಹೋದಮೇಲೂ ಗುರುತು ಉಳಿಯುತ್ತದೆಂದರೆ, ಅದು ಮಿದುಳಿನ ಎಷ್ಟು ಒಳಗೆ ಕೂತಿರಬೇಕು? ಈಗಲೂ ಯೋಚಿಸುತ್ತೇನೆ. ಆಗ ಮಾತ್ರ ನನಗಿದ್ದದ್ದು ಒಂದೇ ಚಿಂತೆ, ತೊಗಲು ಬಿಚ್ಚಿದರೆ ಮರಿ ಉಳಿಯುತ್ತದೆಯೇ ಎಂದು.

ತೊಗಲು ತೊಡಿಸಿದ ನಾಲ್ಕನೆಯ ಬೆಳಿಗ್ಗೆ ಮಾವ ತೊಗಲಿನ ಹುರಿ ಕೊಯ್ದ. ಮರಿ ದಬ್ಬೆಯ ಕಾಲು ಎಳೆಯುತ್ತ ಕುರಿಯ ಹತ್ತಿರ ಹೋಯಿತು. ಕುರಿ ಮರಿಯ ಬಾಲದ ಕೆಳಗೆ ಮೂಗಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕುರಿ ಹಾಯಲಿಲ್ಲ. ಕಾಲು ಅಗಲಿಸಿ ನಿಂತು ಮರಿಗೆ ಮೊಲೆ ಕೊಟ್ಟಿತು.

ಮಾವ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಕೈ ಒರೆಸಿಕೊಳ್ಳುತ್ತ ಎಂದಿನ ಮರ್ಯಾದೆಯಿಂದಲೇ ಕೇಳಿದ: "ಮಾಸ್ತರ್ರ, ಕಾಲು ನೆಟ್ಟಗ ಆಗತದೇನ್ರಿ?"

"ನನಗ ಗೊತ್ತಿಲ್ರಿ ಮಾವ" ಎಂದೆ.

ಮರಿಯ ಕಾಲು ಮುರಿದ ಮೇಲೆ ಹೆಂಡತಿ ಮೊದಲ ಸಲ ನನ್ನ ಮುಖ ನೋಡಿದಳು.