ಓಮುರ್ಜಾಕನ ನಾಲ್ಕು ಚಕ್ರದ ಜಂಬ

ನಾರಿನ್ ಪಟ್ಟಣದ ಓಮುರ್ಜಾಕನಿಗೆ ಇದ್ದದ್ದು ಒಂದು ಹಳೆಯ ಜಪಾನಿ ಜೀಪು, ಮತ್ತು ಅದಕ್ಕಿಂತ ದೊಡ್ಡದೊಂದು ಬಾಯಿ. ಜೀಪಿನ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿತ್ತು. ಅದನ್ನು ತಾನೇ ಕಂಡುಹಿಡಿದವನಂತೆ ಬೀಗುತ್ತಿದ್ದ. ಚಳಿಗಾಲ ಬಂತೆಂದರೆ ಟೀ ಅಂಗಡಿಯಲ್ಲಿ ಅವನ ಪಾಠ ಶುರು.

"ಇವ್ರ ಜೀಪು ಎಂಥಾ ಹಿಮದಲ್ಲೂ ಓಡುತ್ತೆ, ನಿಜ. ಮನೆಗೆ ಕಲ್ಲಿದ್ದಲು ತನ್ನಿ ಅಂದ್ರೆ ಮಾತ್ರ ಸ್ಟಾರ್ಟೇ ಆಗಲ್ಲ" ಎನ್ನುತ್ತಿದ್ದಳು ಹೆಂಡತಿ ಜಿಪಾರ್‌ಕುಲ್.

ಜನವರಿಯಲ್ಲಿ ಘಾಟಿಯಾಚೆ ನೆಂಟರ ಮದುವೆ ಬಂತು. ಮಗಳ ಅತ್ತೆ ಸೈರಾಗುಲ್‌ಳನ್ನು ಕರೆದೊಯ್ಯುವ ಭಾಗ್ಯ ಓಮುರ್ಜಾಕನದಾಯಿತು. ಬೀಗತಿಯೆದುರು ಮೆರೆಯಲು ಇನ್ನೇನು ಬೇಕು? ನರಿತುಪ್ಪಳದ ಟೋಪಿ ಏರಿಸಿ ಹೊರಟೇಬಿಟ್ಟ. ಸೈರಾಗುಲ್, ಮದುವೆಮನೆಗೆಂದು ಕರಿದ ಹಿಟ್ಟಿನ ತುಣುಕು, ಬೋರ್ಸೋಕಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು.

ಘಾಟಿಯ ನೆತ್ತಿಯಲ್ಲಿ ಜನ ಗಾಡಿ ನಿಲ್ಲಿಸಿ, ಹಿಮದಲ್ಲಿ ಜಾರದಿರಲೆಂದು ಮರಗಟ್ಟಿದ ಬೆರಳುಗಳಲ್ಲಿ ಟೈರಿಗೆ ಸರಪಳಿ ಬಿಗಿಯುತ್ತಿದ್ದರು. ಓಮುರ್ಜಾಕ್ ಕಿಟಕಿ ಇಳಿಸಿ, "ಏನ್ರಪ್ಪಾ, ಹಸು ಕಟ್ಟಾಕ್ತಿದ್ದೀರಾ?" ಎಂದು ಕೂಗಿ ಮುಂದೆ ಸಾಗಿದ.

"ನಾವೂ ಕಟ್ಕೊಂಡಿದ್ರೆ ಆಗ್ತಿತ್ತೇನೋ ಬೀಗ್ರೇ" ಎಂದಳು ಸೈರಾಗುಲ್.

"ನಾಲ್ಕು ಚಕ್ರಾನೂ ಎಳೆಯೋ ಗಾಡಿ ಕಣ್ರೀ ಇದು! ಸರಪಳಿ ಎಲ್ಲ ಬಡಪಾಯಿಗಳಿಗೆ."

"ಎಳೆಯುತ್ತೆ, ಸರಿ. ನಿಲ್ಲುತ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಇಳಿಜಾರಿನ ತಿರುವು ಬಂತು. ಗಾಳಿ ಗುಡಿಸಿ ಹೊಳಪಿಟ್ಟ ಮಂಜುಗಡ್ಡೆ, ಅದರಾಚೆ ರಸ್ತೆ ದಾಟುತ್ತಿದ್ದ ಕುರಿಹಿಂಡು. ಬ್ರೇಕ್ ಒತ್ತಿದ. ನಾಲ್ಕೂ ಚಕ್ರಗಳು ಒಮ್ಮತದಿಂದ ನಿಂತವು, ಜೀಪು ಮಾತ್ರ ನಿಲ್ಲಲಿಲ್ಲ. ಮೆಲ್ಲಗೆ ಅರ್ಧ ಸುತ್ತು ತಿರುಗಿ, ಹಿಮ್ಮುಖವಾಗಿ ಜಾರಿ, ರಸ್ತೆ ಬದಿಯ ಹಿಮದ ರಾಶಿಗೆ ಬೆನ್ನು ಕೊಟ್ಟು ಕುಳಿತಿತು. ಕುರಿಗಳು ಮೆಲುಕು ಹಾಕುತ್ತ ನೋಡಿದವು.

ಚೆಲ್ಲಿದ ಬೋರ್ಸೋಕುಗಳನ್ನು ಆರಿಸುತ್ತ ಸೈರಾಗುಲ್ ಕೇಳಿದಳು: "ಮದುವೆಮನೆ ಆ ಕಡೆ ಅಲ್ವಾ ಬೀಗ್ರೇ? ಆಗ್ಲೇ ವಾಪಸ್ ಹೊರಟ್ವಾ?"

ಅಷ್ಟರಲ್ಲಿ ಸರಪಳಿ ಕಟ್ಟಿದ ಗಾಡಿಗಳು ಝಣಝಣ ಎನ್ನುತ್ತ ನಿಧಾನವಾಗಿ ಇಳಿದು ಬಂದವು. ಒಬ್ಬ ಇಣುಕಿ, "ಹಸು ಕಟ್ಟೋ ಹಗ್ಗ ಇದೆ ಕಣಣ್ಣಾ, ಕೊಡ್ಲಾ?" ಎಂದ. ಬೇಡವೆನ್ನುವ ಸ್ಥಿತಿಯಲ್ಲಿ ಓಮುರ್ಜಾಕ್ ಇರಲಿಲ್ಲ. ಜೀಪನ್ನು ಎಳೆದು ರಸ್ತೆಗೆ ತಂದರು. ಸೈರಾಗುಲ್ ಚೀಲ ಎತ್ತಿಕೊಂಡು ಹಗ್ಗ ಕೊಟ್ಟವನ ಗಾಡಿಯಲ್ಲೇ ಹೋಗಿ ಕುಳಿತಳು.

ಮದುವೆಮನೆಗೆ ಅವನಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. "ಬನ್ನಿ ಬನ್ನಿ, ಇಲ್ಲಿ ಮುಖ ಮುಂದಕ್ಕೆ ಹಾಕಿ ಕೂರೋ ಪದ್ಧತಿ" ಎಂದರು ಗಂಡಿನ ಕಡೆಯವರು. ಓಮುರ್ಜಾಕ್ ಎಲ್ಲರಿಗಿಂತ ಜೋರಾಗಿ ನಕ್ಕ. ಕಿವಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ಬೇಯಿಸಿದ ಮಾಂಸದ ತಟ್ಟೆ ಬರುವ ಮೊದಲೇ ಎದ್ದುಬಂದ.

ಹಿಂದಿರುಗುವಾಗ ಒಬ್ಬನೇ. ಇಳಿಜಾರಿನಲ್ಲಿ ಒಂದನೇ ಗೇರಿಗೆ ಹಾಕಿ, ಬ್ರೇಕಿನತ್ತ ಕಾಲೂ ಚಾಚದೆ ಇರುವೆಯಂತೆ ತೆವಳಿದ. ಟೋಪಿಯೊಳಗೆ ಬೆವರು ಕಿತ್ತುಕೊಂಡು ಬಂತು. ನೋಡುವವರು ಯಾರೂ ಇಲ್ಲದ್ದರಿಂದ ಅಂದು ಅವನು ಬಹಳ ಚೆನ್ನಾಗಿ ಗಾಡಿ ಓಡಿಸಿದ.

"ಬೀಗ್ತಿ ಎಲ್ಲಿ?" ಎಂದಳು ಜಿಪಾರ್‌ಕುಲ್.

"ಆಯಮ್ಮಂಗೆ ನನ್ನ ಸ್ಪೀಡು ತಡ್ಕೊಳ್ಳೋಕಾಗ್ಲಿಲ್ಲ."

ಸೈರಾಗುಲ್ ಆಗಲೇ ಫೋನಿನಲ್ಲಿ ಎಲ್ಲ ಹೇಳಿದ್ದಳು. ಜಿಪಾರ್‌ಕುಲ್ ಬಟ್ಟಲಿಗೆ ಟೀ ಬಗ್ಗಿಸುತ್ತ, "ಹೌದೌದು, ಹಿಂದ್ಹಿಂದಕ್ಕೆ ಅಷ್ಟೊಂದು ಸ್ಪೀಡು ಯಾರ್ ತಡ್ಕೋತಾರೆ, ಪಾಪ" ಎಂದಳು.